ಗುಡ್ಡ ಎಳೆದ ತೂಗುಗುಂಡು

ಮೊದಲಿಗೆ ಓದುವವರ ಕ್ಷಮೆ ಕೇಳಬೇಕು. ನಾನು ಸಾಹಿತ್ಯ ಓದಿದವನಲ್ಲ, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ನಮ್ಮ ಮನೆತನದಲ್ಲಿ ಪುಸ್ತಕದ ಕನ್ನಡವನ್ನು ಕಲಿತ ಮೊದಲನೆಯವನೂ ನಾನೇ. ಆದ್ದರಿಂದ ನನ್ನ ವಾಕ್ಯಗಳನ್ನು ತಿದ್ದುವವರು ಮನೆಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಬರುವ ಮಾತುಗಳಲ್ಲಿ ಕೆಲವನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ಕೆಲವು ಕನ್ನಡದಲ್ಲೇ ಆಡಿದವು. ಯಾವುದು ಯಾವುದು ಎಂದು ಎಲ್ಲ ಕಡೆಯಲ್ಲೂ ನೆನಪಿಲ್ಲ. ವರ್ಷಗಳಲ್ಲಿಯೂ ಒಂದೆರಡು ಆಚೀಚೆ ಆಗಿರಬಹುದು. ಆದರೆ ನಾನು ಹೇಳಬೇಕಾದುದು ನನ್ನ ತಂದೆಯವರ ಕಣ್ಣುಗಳ ಬಗೆಗೆ ಮತ್ತು ಕಡಬದ ಹತ್ತಿರ ಒಂದು ಬೆಳಿಗ್ಗೆ ನಾನು ಆಡಿದ ಒಂದು ವಾಕ್ಯದ ಬಗೆಗೆ. ಆ ವಾಕ್ಯ ಮಾತ್ರ ಅಕ್ಷರಶಃ ನೆನಪಿದೆ.

ತಂದೆಯವರು ಕಲ್ಲು ಕಟ್ಟುವ ಮೇಸ್ತ್ರಿಯಾಗಿದ್ದರು. ಸುಳ್ಯ ಪೇಟೆಯಿಂದ ಮಂಡೆಕೋಲಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಆಗ ಸುಳ್ಯವಾಗಲಿ ಕಡಬವಾಗಲಿ ಬೇರೆ ತಾಲೂಕುಗಳಾಗಿರಲಿಲ್ಲ, ಕಾಗದಪತ್ರದ ಕೆಲಸಕ್ಕೆಲ್ಲ ಪುತ್ತೂರಿಗೇ ಹೋಗಬೇಕಿತ್ತು. ತಂದೆಯವರ ಕೆಲಸಕ್ಕೆ ಮಾತ್ರ ಅಂತಹ ಗಡಿ ಇರಲಿಲ್ಲ. ಅರಂತೋಡಿನ ಅಂಗಡಿಗಳು, ಪುತ್ತೂರಿನ ಅಡಿಕೆ ಗೋದಾಮುಗಳು, ಕಡಬದ ಕಡೆಯ ಮನೆಗಳು, ಹೀಗೆ ಎಲ್ಲಿ ಕೆಂಪು ಮುರಕಲ್ಲಿನ ಗೋಡೆ ಏಳಬೇಕೋ ಅಲ್ಲಿಗೆ ಅವರು ಹೋಗುತ್ತಿದ್ದರು. ವಾರಕ್ಕೊಮ್ಮೆ, ಕೆಲವು ಸಲ ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ತಾಯಿ, ನಾನು, ನನ್ನ ತಮ್ಮ ಮತ್ತು ತಂಗಿ.

ಅವರ ಚೀಲದಲ್ಲಿ ಗಾರೆ ಮೆತ್ತುವ ಕರಣೆ, ಕಲ್ಲು ಕೆತ್ತುವ ಕೊಡಲಿ, ದಾರದ ಉಂಡೆ ಮತ್ತು ಒಂದು ಕಬ್ಬಿಣದ ತೂಗುಗುಂಡು ಇರುತ್ತಿದ್ದವು. ತೂಗುಗುಂಡನ್ನು ನೋಡದವರಿಗಾಗಿ ಹೇಳುತ್ತೇನೆ. ಒಂದು ಚಿಕ್ಕ ಮರದ ತುಂಡಿನ ನಡುವೆ ತೂತು, ಆ ತೂತಿನಿಂದ ಇಳಿಯುವ ದಾರ, ದಾರದ ತುದಿಯಲ್ಲಿ ಗುಂಡು. ಮರದ ತುಂಡಿನ ಅಗಲವೂ ಗುಂಡಿನ ಅಗಲವೂ ಒಂದೇ. ತುಂಡನ್ನು ಮೇಲಿನ ಸಾಲಿನ ಕಲ್ಲಿಗೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಟ್ಟರೆ, ಗೋಡೆ ನೆಟ್ಟಗಿದ್ದಲ್ಲಿ ಗುಂಡು ಕೆಳಗಿನ ಕಲ್ಲಿಗೆ ತಾಗಿಯೂ ತಾಗದಂತೆ ನಿಲ್ಲುತ್ತದೆ. ಹೊಸಬರು ಗುಂಡಿಗೂ ಕಲ್ಲಿಗೂ ನಡುವೆ ಒಂದು ವೀಳ್ಯದೆಲೆಯನ್ನು ತೂರಿಸಿ ನೋಡುತ್ತಿದ್ದರು. ಎಲೆ ಹರಿಯದೆ, ಗುಂಡು ಅಲುಗದೆ ಹೊರಬಂದರೆ ಗೋಡೆ ಸರಿ. ಹೆಸರು ಪಡೆದ ಮೇಸ್ತ್ರಿಗಳು ಎಲೆ ಇಡುತ್ತಿರಲಿಲ್ಲ. ಎಲೆ ಇಡುವುದೆಂದರೆ ತನ್ನ ಕಣ್ಣನ್ನು ತಾನೇ ನಂಬದಿರುವುದು ಎಂದು ಆ ಕೆಲಸದವರ ಭಾವನೆ. ತಂದೆಯವರು ಮದುವೆಯಾದ ವರ್ಷದಿಂದ ಎಲೆ ಇಟ್ಟಿರಲಿಲ್ಲವಂತೆ. ಗುಂಡು ಬಿಟ್ಟ ಮೇಲೆ ಅದು ತೂಗಾಡುವುದು ನಿಲ್ಲುವವರೆಗೆ ಅವರು ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ. ಕೈ ಎತ್ತಿ ಸುಮ್ಮನೆ ನಿಲ್ಲುತ್ತಿದ್ದರು. ಕೆಲಸದವರು ಅಷ್ಟು ಹೊತ್ತು ಬಾಯಲ್ಲಿದ್ದ ಎಲೆಯಡಿಕೆಯನ್ನೂ ಜಗಿಯುತ್ತಿರಲಿಲ್ಲ.

ನನ್ನನ್ನು ಮಂಗಳೂರಿನ ಕಾಲೇಜಿಗೆ ಕಳುಹಿಸಿದ್ದು ಅವರೇ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷ ನಾನು ಪುಟಗಳನ್ನು ಅರ್ಥವಾಗದೆಯೇ ಬಾಯಿಪಾಠ ಮಾಡಿದೆ. ಗುರುತ್ವಾಕರ್ಷಣೆಯ ನಿಯಮವನ್ನೂ ಹಾಗೆಯೇ ಕಲಿತೆ. ಜಗತ್ತಿನ ಪ್ರತಿಯೊಂದು ವಸ್ತುವೂ ಬೇರೆ ಪ್ರತಿಯೊಂದು ವಸ್ತುವನ್ನು ಎಳೆಯುತ್ತದೆ. ದ್ರವ್ಯರಾಶಿ ಹೆಚ್ಚಿದಂತೆ ಎಳೆತ ಹೆಚ್ಚುತ್ತದೆ, ದೂರ ಹೆಚ್ಚಿದಂತೆ ಬಲು ಬೇಗನೆ ಕುಗ್ಗುತ್ತದೆ. ಒಬ್ಬ ಸಹಪಾಠಿ ಎದ್ದುನಿಂತು, ಎಳೆತಕ್ಕೆ ಕಾರಣವೇನು ಎಂದು ಕೇಳಿದ. ಅಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡು, ಈ ನಿಯಮವು ಎಷ್ಟು ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ, ಪರೀಕ್ಷೆಯಲ್ಲಿ ಏಕೆ ಎಂದು ಕೇಳುವುದಿಲ್ಲ ಎಂದರು. ನಾವು ಬರೆದುಕೊಂಡೆವು.

ಅದೇ ಅಧ್ಯಾಯದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿಯಿತ್ತು. ದೊಡ್ಡ ಪರ್ವತದ ಪಕ್ಕದಲ್ಲಿ ತೂಗುಗುಂಡನ್ನು ಇಳಿಬಿಟ್ಟರೆ ಪರ್ವತದ ದ್ರವ್ಯರಾಶಿ ಅದನ್ನು ತುಸು ತನ್ನ ಕಡೆಗೆ ಸೆಳೆಯುತ್ತದೆ ಎಂದು. ಮೂರು ವರ್ಷ ಓದಿದ ಪುಸ್ತಕಗಳಲ್ಲಿ ನಮ್ಮ ಮನೆಯಲ್ಲಿದ್ದ ಒಂದು ಸಾಮಾನಿನ ಹೆಸರು ನನಗೆ ಸಿಕ್ಕಿದ್ದು ಅದೊಂದೇ ಕಡೆ. ನಾನು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಎಷ್ಟು ಸೆಳೆಯುತ್ತದೆ ಎಂಬ ಲೆಕ್ಕ ಮುಂದಿನ ಪುಟದಲ್ಲಿತ್ತು. ಅದನ್ನು ಪರೀಕ್ಷೆಗೆ ಬೇಕಿಲ್ಲವೆಂದು ಬಿಟ್ಟೆ.

ರಜೆಯಲ್ಲಿ ಊರಿಗೆ ಬಂದಾಗ, ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ ತಂದೆಯವರಿಗೆ ಇದನ್ನೆಲ್ಲ ಹೇಳಿದೆ. ತಾಯಿ ಬಡಿಸುತ್ತಿದ್ದರು.

"ಎಲ್ಲವೂ ಎಲ್ಲವನ್ನೂ ಎಳೆಯುದಾ?" ಎಂದು ತಂದೆ ಕೇಳಿದರು.

"ಹೌದು. ಭಾರ ಇದ್ದಷ್ಟು ಎಳೆತ ಹೆಚ್ಚು."

"ಹಾಗಾದ್ರೆ ಗೋದಾಮಿನ ಧಣಿಗಳ ಹೊಟ್ಟೆ ನನ್ನನ್ನು ಎಳೀತಾ ಉಂಟಾ? ಅದಕ್ಕೇ ಇರಬೇಕು, ಅವರ ಎದುರು ನಿಂತ್ರೆ ನನ್ನ ಬೆನ್ನು ಬಗ್ಗುದು."

ತಾಯಿ ನಕ್ಕರು. "ನಿಮ್ಮನ್ನು ಎಳೀಲಿಕ್ಕೆ ಹೊಟ್ಟೆ ಬೇಡ, ಗಂಜಿ ಪಾತ್ರೆ ಸಾಕು," ಎಂದರು.

ನಾನು ನಗಲಿಲ್ಲ. ಪಾಠವನ್ನು ತಪ್ಪಿಲ್ಲದೆ ಮುಗಿಸುವ ಆತಂಕ ನನಗೆ. "ಧಣಿಗಳ ಎಳೆತ ಉಂಟು, ಆದರೆ ಭೂಮಿಯ ಎದುರು ಅದು ಲೆಕ್ಕಕ್ಕೆ ಸಿಕ್ಕುವುದಿಲ್ಲ," ಎಂದು ವಿವರಿಸಿದೆ.

"ಒಂದು ಮಾತು ಹೇಳು," ಎಂದರು ತಂದೆ. "ಅಟ್ಟಣಿಗೆಯಿಂದ ಕರಣೆಯೂ ಕಲ್ಲೂ ಒಟ್ಟಿಗೆ ಜಾರಿದ್ರೆ ಕೆಳಗೆ ಒಂದೇ ಸದ್ದು ಕೇಳ್ತದೆ, ಎರಡಲ್ಲ. ಕಲ್ಲನ್ನು ಹೆಚ್ಚು ಎಳೆಯುದಾದ್ರೆ ಕಲ್ಲು ಮೊದಲು ಮುಟ್ಟಬೇಕಲ್ಲ?"

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಕಲ್ಲಿನ ದ್ರವ್ಯರಾಶಿ ಹೆಚ್ಚಾದ್ದರಿಂದ ಭೂಮಿ ಅದನ್ನು ಹೆಚ್ಚು ಎಳೆಯುತ್ತದೆ, ನಿಜ. ಆದರೆ ದ್ರವ್ಯರಾಶಿ ಹೆಚ್ಚಿದಷ್ಟೂ ವಸ್ತು ಅಲುಗಾಡಲು ಹಠ ಮಾಡುತ್ತದೆ. ಹತ್ತರಷ್ಟು ಎಳೆತ, ಹತ್ತರಷ್ಟು ಹಠ. ಎರಡೂ ಸರಿಸಮವಾಗಿ ಕಳೆದುಹೋಗುತ್ತವೆ, ಅದಕ್ಕೇ ಭಾರದ್ದೂ ಹಗುರದ್ದೂ ಒಂದೇ ರೀತಿ ಬೀಳುತ್ತವೆ. ಇದನ್ನು ನಾನು ಅಂದು ಸರಿಯಾಗಿಯೇ ಹೇಳಿದೆ. ತಂದೆಯವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. "ಇದು ನ್ಯಾಯ," ಎಂದರು. ಆಮೇಲೆ ನಾನು ಪರ್ವತವೂ ತೂಗುಗುಂಡನ್ನು ಎಳೆಯುತ್ತದೆ ಎಂಬ ಟಿಪ್ಪಣಿಯ ಮಾತನ್ನು ಹೇಳಿದೆ. ಅವರು ನಂಬಲಿಲ್ಲ. "ನನ್ನ ಗುಂಡು ಕೆಳಗೆ ಬಿಟ್ಟು ಬೇರೆ ಕಡೆ ನೋಡುದಿಲ್ಲ," ಎಂದರು.

ಆ ಊಟದ ಹೊತ್ತಿನಲ್ಲಿ ಅವರು ಬಾಳೆಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಗಾಗಿ ಎರಡು ಸಲ ಕೈಯಾಡಿಸಿದರು. ಉಪ್ಪಿನಕಾಯಿ ಎಡತುದಿಯಲ್ಲಿತ್ತು. ತಾಯಿ ಬೆರಳಿನಿಂದ ಎಲೆಯನ್ನು ತಿರುಗಿಸಿ ಅದನ್ನು ಅವರ ಮುಂದಕ್ಕೆ ತಂದರು. ಆ ವರ್ಷ ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದನ್ನೂ, ಪಕ್ಕದಲ್ಲೇ ನಿಂತವರನ್ನು ಎಲ್ಲಿದ್ದೀ ಎಂದು ಕರೆಯುವುದನ್ನೂ ನಾನು ನೋಡಿದ್ದೇನೆ. ಎದುರಿಗೆ ಇದ್ದದ್ದನ್ನು ಮಾತ್ರ ಅವರು ಚೆನ್ನಾಗಿಯೇ ನೋಡುತ್ತಿದ್ದರು. ದೂರದಿಂದ ಬರುವ ಬಸ್ಸಿನ ಬೋರ್ಡನ್ನು ನನಗಿಂತ ಮೊದಲು ಗುರುತಿಸುತ್ತಿದ್ದರು. ಆದ್ದರಿಂದ ಕಣ್ಣಿನ ವಿಚಾರ ಯಾರ ಮನಸ್ಸಿಗೂ ಬರಲಿಲ್ಲ.

ನಾನು ಕೊನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿ ಫಲಿತಾಂಶ ಕಾಯುತ್ತಿದ್ದೆ. ಅದು ಅರವತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ. ಕಡಬದಿಂದ ಒಳಗೆ ಎರಡು ಮೈಲಿ ದೂರದ ಒಂದು ಹಳ್ಳಿಯಲ್ಲಿ ಊರವರೇ ಸೇರಿ ಶಾಲೆಯೊಂದನ್ನು ಕಟ್ಟಿಸುತ್ತಿದ್ದರು. ಗೋಡೆಯ ಕೆಲಸ ತಂದೆಯವರದು. ಮಳೆ ಹಿಡಿಯುವ ಮುಂಚೆ ಮಾಡು, ಅಂದರೆ ಛಾವಣಿ, ಏರಬೇಕಿತ್ತು. ಒಂದು ಶನಿವಾರ ಅವರು ಮನೆಗೆ ಬಂದು, ಚೀಲ ಇಳಿಸದೆಯೇ ಜಗಲಿಯಲ್ಲಿ ಕುಳಿತರು.

"ಬಡಗಿ ಮರ ತಂದ. ಕೂತುಕೊಳ್ಳುದಿಲ್ಲ," ಎಂದರು.

ಮಾಡಿನ ಅಡ್ಡತೊಲೆಗಳನ್ನು ಬಡಗಿ ತಳದ ಅಳತೆಗೆ ಕೊಯ್ದು ತಂದಿದ್ದ. ಮೇಲೆ ಇಟ್ಟಾಗ ತೊಲೆ ಎರಡು ಬೆರಳಿನಷ್ಟು ಕಡಿಮೆ ಬಿತ್ತು. ಅಂದರೆ ಪೂರ್ವದ ಗೋಡೆ ಮೇಲೆ ಹೋಗುತ್ತಾ ಹೊರಕ್ಕೆ ವಾಲಿತ್ತು. ಸಮಿತಿಯವರು ಸೋಮವಾರ ಸೇರಿ ತೀರ್ಮಾನಿಸುತ್ತಾರಂತೆ. ಗೋಡೆಯನ್ನು ಕೆಡವಿಸಿದರೆ ಆ ಕಡೆ ಮತ್ತೆ ಯಾರೂ ತಂದೆಯವರನ್ನು ಕೆಲಸಕ್ಕೆ ಕರೆಯುವುದಿಲ್ಲ. ಮೇಸ್ತ್ರಿಯ ಗೋಡೆ ಒಂದು ಸಲ ಕೆಡವಿದರೆ ಆ ಸುದ್ದಿ ಸುಳ್ಯಕ್ಕೂ ಪುತ್ತೂರಿಗೂ ಬಸ್ಸಿನಲ್ಲೇ ಬರುತ್ತದೆ.

"ನೀನು ಹೇಳಿದ್ದಿಯಲ್ಲ, ಗುಡ್ಡ ಎಳೀತದೆ ಅಂತ," ಎಂದರು ತಂದೆ. ನನ್ನ ಮುಖವನ್ನು ನೋಡಲಿಲ್ಲ. "ಅಲ್ಲಿ ಪೂರ್ವಕ್ಕೆ ಕುಮಾರಪರ್ವತ ಉಂಟು. ಸರಿಯಾಗಿ ಕಾಣ್ತದೆ. ನಾನು ಗುಂಡು ಬಿಡದೆ ಒಂದು ಸಾಲೂ ಕಟ್ಟಿಲ್ಲ. ಮತ್ತೆ ಇದು ಹೇಗಾಯ್ತು?"

ನಾನು ಅವರ ಹೆಗಲಿನಿಂದ ಚೀಲವನ್ನು ಇಳಿಸಿದೆ.

"ನೀನು ಬಂದು ಹೇಳು. ನಾನು ಹೇಳಿದ್ರೆ ನಗಾಡ್ತಾರೆ."

ನಾನು ಆಗಲಿ ಎಂದೆ. ಆ ರಾತ್ರಿ ಪುಸ್ತಕ ತೆಗೆದು ಮುಂದಿನ ಪುಟದ ಲೆಕ್ಕವನ್ನು ನೋಡಬಹುದಿತ್ತು. ಪುಸ್ತಕ ಟ್ರಂಕಿನಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಪುತ್ತೂರಿಗೆ ಹೋಗಿ, ಅಲ್ಲಿಂದ ಕಡಬದ ಬಸ್ಸು ಹಿಡಿದು, ಉಳಿದ ದಾರಿಯನ್ನು ನಡೆದೆವು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ಶಾಲೆಯ ಮುಂದೆ ಬೆಂಚು ಹಾಕಿ ಸಮಿತಿಯ ಯಜಮಾನರು, ಹಳೆಯ ಶಾಲೆಯ ಹೆಡ್‌ಮಾಸ್ತರರು ಮತ್ತು ಊರಿನ ಆರೇಳು ಮಂದಿ ಕುಳಿತಿದ್ದರು. ಬಡಗಿ ಒಬ್ಬನೇ ನಿಂತಿದ್ದ. ತಂದೆಯವರ ಪ್ರಾಯದವನು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದ.

"ಬನ್ನಿ ಮೇಸ್ತ್ರಿಗಳೆ," ಎಂದ ಅವನು. "ನನ್ನ ಮರ ಗಿಡ್ಡ ಆಯ್ತಾ, ನಿಮ್ಮ ಗೋಡೆ ಜಗಳ ಮಾಡಿ ದೂರ ಹೋಯ್ತಾ, ನೋಡುವಾ."

ಕೆಲವರು ನಕ್ಕರು. ತಂದೆಯವರು ನನ್ನನ್ನು ಮುಂದೆ ಮಾಡಿ, "ಮಗ. ಬಿ.ಎಸ್ಸಿ. ಬರ್ದಿದ್ದಾನೆ. ಅವನು ಹೇಳ್ತಾನೆ," ಎಂದರು. ಹೆಡ್‌ಮಾಸ್ತರರು ಕೂಡಲೇ ಎದ್ದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಯಜಮಾನರೂ ಸ್ವಲ್ಪ ಸರಿದು ಕುಳಿತರು. ಅದುವರೆಗೆ ನನಗಾಗಿ ಯಾರೂ ಬೆಂಚಿನಲ್ಲಿ ಸರಿದಿರಲಿಲ್ಲ.

ನಾನು ನಿಂತೇ ಮಾತಾಡಿದೆ. ಗುರುತ್ವಾಕರ್ಷಣೆಯ ನಿಯಮವನ್ನು ಹೇಳಿದೆ. ಭೂಮಿಯ ಹಾಗೆ ಪರ್ವತಕ್ಕೂ ದ್ರವ್ಯರಾಶಿ ಉಂಟು, ಪರ್ವತವೂ ಎಳೆಯುತ್ತದೆ, ಇದು ದೊಡ್ಡ ದೊಡ್ಡ ವಿಜ್ಞಾನಿಗಳು ಅಳೆದು ನೋಡಿದ ವಿಷಯ ಎಂದೆ. ಕೈಯೆತ್ತಿ ಪೂರ್ವದ ಕಡೆಗೆ ತೋರಿಸಿದೆ. ಎಲ್ಲರೂ ಕುಮಾರಪರ್ವತದ ಕಡೆಗೆ ತಿರುಗಿ ನೋಡಿದರು. ಗೋಡೆ ವಾಲಿದ್ದೂ ಅದೇ ದಿಕ್ಕಿಗೆ. "ಹೌದಲ್ಲ ಮಾರಾಯ್ರೆ," ಎಂದು ಯಾರೋ ಮೆಲ್ಲಗೆ ಹೇಳಿದರು.

ಬಡಗಿ ಗೋಡೆಯ ಒಳಗಡೆ ಹೋಗಿ, ಏಣಿ ಹತ್ತಿ, ತನ್ನ ಚೀಲದಿಂದ ಚಿಕ್ಕ ಹಿತ್ತಾಳೆಯ ಗುಂಡನ್ನು ತೆಗೆದು ಇಳಿಬಿಟ್ಟ. ಅದು ತೂಗಾಡಿ ನಿಲ್ಲುವವರೆಗೆ ತಂದೆಯವರು ಅಭ್ಯಾಸದಿಂದ ಕೈ ಎತ್ತಿ ನಿಂತಿದ್ದರು. ಮೇಲಿನ ತುಂಡು ಕಲ್ಲಿನಿಂದ ಎರಡು ಬೆರಳು ದೂರ ನಿಂತಾಗ ಮಾತ್ರ ಕೆಳಗಿನ ಗುಂಡು ಕಲ್ಲಿಗೆ ತಾಗದೆ ನಿಂತಿತು. ಒಬ್ಬರು ವೀಳ್ಯದೆಲೆ ತೂರಿಸಿದರು. ಎಲೆ ಸಲೀಸಾಗಿ ಹೊರಬಂತು. ಅಂದರೆ ಗೋಡೆ ಸರಿಯಾಗಿ ಎರಡು ಬೆರಳು ಓರೆ.

ಬಡಗಿ ಇಳಿದು ಬಂದು ನನ್ನನ್ನೇ ಕೇಳಿದ. "ನನ್ನದು ಒಂದು ಸಣ್ಣ ಸಂಶಯ. ಗುಡ್ಡ ಮೇಸ್ತ್ರಿಗಳ ಗುಂಡನ್ನು ಎಳೆದದ್ದಾದ್ರೆ, ಈಗ ನನ್ನದನ್ನೂ ಎಳೀಬೇಕಲ್ಲ? ಇದೇ ಗೋಡೆ, ಅದೇ ಗುಡ್ಡ. ನನ್ನ ಗುಂಡು ಮಾತ್ರ ಯಾಕೆ ಗೋಡೆ ಓರೆ ಅಂತ ಹೇಳುದು?"

ಅವನ ಪ್ರಶ್ನೆ ಸರಿಯಾಗಿತ್ತು. ಅದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಎಲ್ಲರೂ ನನ್ನ ಬಾಯಿಯನ್ನು ನೋಡುತ್ತಿದ್ದರು. ತಂದೆಯವರು ಮಾತ್ರ ಗೋಡೆಯನ್ನು ನೋಡುತ್ತಿದ್ದರು. ನಾನು ಹೇಳಿದ ವಾಕ್ಯ ಇದು:

"ನಿಮ್ಮ ಗುಂಡು ಹಗುರದ್ದು, ಅಪ್ಪನ ಗುಂಡು ಭಾರದ್ದು, ದ್ರವ್ಯರಾಶಿ ಹೆಚ್ಚಿದ್ದನ್ನು ಗುಡ್ಡ ಹೆಚ್ಚು ಎಳೆಯುತ್ತದೆ."

ಇದು ಅರ್ಧ ಸತ್ಯವೂ ಅಲ್ಲ. ಭಾರದ ಗುಂಡನ್ನು ಗುಡ್ಡ ಹೆಚ್ಚು ಎಳೆಯುವುದು ನಿಜವಾದರೂ, ಭೂಮಿಯೂ ಅದನ್ನು ಅಷ್ಟೇ ಪಾಲು ಹೆಚ್ಚಾಗಿ ಕೆಳಗೆಳೆಯುತ್ತದೆ. ಎರಡರ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ಯಾವ ಗುಂಡನ್ನು ಕಟ್ಟಿದರೂ ದಾರ ನಿಲ್ಲುವ ಗೆರೆ ಒಂದೇ. ಕರಣೆಯೂ ಕಲ್ಲೂ ಒಟ್ಟಿಗೆ ಬೀಳುವುದಕ್ಕೆ ಊಟದ ಹೊತ್ತಿನಲ್ಲಿ ನಾನೇ ಹೇಳಿದ್ದ ಕಾರಣವೇ ಇದು. ಇದನ್ನು ತಿಳಿದಿದ್ದೇ ನಾನು ಆ ವಾಕ್ಯವನ್ನು ಆಡಿದೆ.

ಬಡಗಿ ನನ್ನನ್ನು ನೋಡಿದ. ಆಮೇಲೆ ತಂದೆಯವರನ್ನು ನೋಡಿದ. "ಓದಿದವರು ಹೇಳಿದ ಮೇಲೆ ಆಯ್ತು," ಎಂದು ಗುಂಡನ್ನು ಚೀಲಕ್ಕೆ ಹಾಕಿದ.

ಹೆಡ್‌ಮಾಸ್ತರರು ಇದನ್ನು ಮಕ್ಕಳಿಗೂ ಹೇಳಬೇಕಾದ ವಿಷಯವೆಂದರು. ಗೋಡೆಯನ್ನು ಕೆಡಹುವುದು ಬೇಡ, ಗೋಡೆಯನ್ನು ಒತ್ತಿ ಹಿಡಿಯಲು ಹೊರಗಿನಿಂದ ಎರಡು ಆನಿಕೆ ಕಟ್ಟಿದರೆ ಸಾಕು, ತೊಲೆಗಳಿಗೆ ತುಂಡು ಜೋಡಿಸೋಣ ಎಂದು ಯಜಮಾನರು ತೀರ್ಮಾನಿಸಿದರು. ತಂದೆಯವರ ಹೆಸರು ಉಳಿಯಿತು. ನಮಗೆ ಬೆಲ್ಲದ ಚಹಾ ಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ನಾನು ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಒಂದು ಚಿತ್ರ ಬರೆದೆ: ಗುಡ್ಡ, ದಾರ, ಗೋಡೆ. ಗುಡ್ಡ ಗುಂಡನ್ನು ತನ್ನ ಕಡೆಗೆ ಎಳೆದರೆ ದಾರದ ಕೆಳತುದಿ ಗುಡ್ಡದ ಕಡೆಗೆ ಸರಿಯುತ್ತದೆ. ಆ ದಾರವನ್ನು ಅನುಸರಿಸಿ ಕಟ್ಟಿದ ಗೋಡೆಯ ಮೇಲ್ತುದಿ ಗುಡ್ಡದಿಂದ ಆಚೆಗೆ, ಪಶ್ಚಿಮಕ್ಕೆ ವಾಲಬೇಕು. ಈ ಗೋಡೆ ಪೂರ್ವಕ್ಕೆ ವಾಲಿತ್ತು. ದಿಕ್ಕು ಕೂಡ ತಪ್ಪಾಗಿತ್ತು. ಮನೆಗೆ ಬಂದು ಲೆಕ್ಕದ ಪುಟವನ್ನು ತೆಗೆದು ನೋಡಿದೆ. ಇಡೀ ಕುಮಾರಪರ್ವತ ಸೇರಿ ಎಳೆದರೂ ಅಷ್ಟು ಎತ್ತರದ ಗೋಡೆಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ಪುಸ್ತಕವನ್ನು ಮುಚ್ಚಿ ಟ್ರಂಕಿನಲ್ಲಿಟ್ಟೆ. ಕೈಕಾಲು ತೊಳೆದು ಊಟಕ್ಕೆ ಕುಳಿತೆ. ಏನಾದರೂ ಅನಿಸಬೇಕಿತ್ತು ಎಂದು ಈಗ ತೋರುತ್ತದೆ. ಆಗ ಅನಿಸಿದ್ದು ನೆನಪಿಲ್ಲ.

ತಂದೆಯವರು ಆ ವಾರವೇ ಪುತ್ತೂರಿನ ಪೇಟೆಯಿಂದ ಒಂದು ಹಗುರದ ಗುಂಡನ್ನು ತಂದರು. ಅದನ್ನು ಕೈಯಲ್ಲಿ ತೂಗಿ ನೋಡಿ, "ಇದನ್ನು ಗುಡ್ಡ ಮುಟ್ಟುದಿಲ್ಲ," ಎಂದರು. ಬಂದವರಿಗೆಲ್ಲ ಆ ವಿಷಯ ಹೇಳಿದರು. ಜೊತೆಯ ಕೆಲಸದವರಿಗೂ ಅಂಥದ್ದನ್ನೇ ಕೊಳ್ಳಲು ಹೇಳಿದರು. ಇಬ್ಬರು ಕೊಂಡರು.

ನಾನು ಪಾಸಾದೆ. ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಒಂಬತ್ತನೆಯ ತರಗತಿಗೆ ಗುರುತ್ವಾಕರ್ಷಣೆ ಕಲಿಸಿದೆ, ಪುಸ್ತಕದಲ್ಲಿ ಇದ್ದಂತೆ, ಒಂದಕ್ಷರ ತಪ್ಪದೆ. ತಂದೆಯವರು ಇನ್ನೂ ಒಂದೂವರೆ ವರ್ಷ ಗೋಡೆ ಕಟ್ಟಿದರು. ಆ ಗೋಡೆಗಳೂ ಅಲ್ಲಲ್ಲಿ ಓರೆಯಾಗಿದ್ದವಂತೆ. ತಂದೆಯವರು ಊಟಕ್ಕೆ ಹೋದಾಗ ಜೊತೆಯವರು ಕಲ್ಲು ಸರಿಪಡಿಸಿ, ಅವರಿಗೆ ಹೇಳುತ್ತಿರಲಿಲ್ಲವಂತೆ. ಆಮೇಲೆ ನಾನು ಕೇಳಿದಾಗ ಅವರಲ್ಲೊಬ್ಬ ಹೇಳಿದ: "ಎಂತ ಹೇಳುದು ಮಾಷ್ಟ್ರೆ? ಹೇಳಿದ್ರೆ ಅವರು ಗುಡ್ಡ ತೋರಿಸ್ತಾರೆ."

ಅರಂತೋಡಿನಲ್ಲಿ ಒಂದು ಅಂಗಡಿಯ ಕೆಲಸ ನಡೆಯುತ್ತಿದ್ದಾಗ ಅವರು ಅಟ್ಟಣಿಗೆಯ ಹಲಗೆಯ ಅಂಚು ಕಾಣದೆ ಪಕ್ಕಕ್ಕೆ ಕಾಲಿಟ್ಟು ಬಿದ್ದರು. ಬಹಳ ಎತ್ತರವೇನಲ್ಲ. ಮಣಿಕಟ್ಟು ಮುರಿಯಿತು. ಪುತ್ತೂರಿನ ವೈದ್ಯರು ಕೈಗೆ ಕಟ್ಟು ಹಾಕಿ, ಪಕ್ಕದಲ್ಲಿ ಹಿಡಿದ ಔಷಧದ ಚೀಟಿಯನ್ನು ಇವರು ತೆಗೆದುಕೊಳ್ಳದಿರುವುದನ್ನು ಗಮನಿಸಿದರು. ಬೆರಳನ್ನು ಬದಿಯಿಂದ ಮೆಲ್ಲಗೆ ತಂದು, ಕಂಡಾಗ ಹೇಳಿ ಎಂದರು. ಬೆರಳು ಮೂಗಿನ ನೇರಕ್ಕೆ ಬಂದ ಮೇಲೆ ತಂದೆಯವರು, "ಈಗ," ಎಂದರು.

ಮಂಗಳೂರಿನ ಕಣ್ಣಿನ ವೈದ್ಯರು ಹೇಳಿದ್ದನ್ನು ಬರೆಯುತ್ತೇನೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುತ್ತಾ ಬಂದಿದೆ. ಈ ರೋಗದಲ್ಲಿ ಮೊದಲು ಬದಿಯ ನೋಟ ಹೋಗುತ್ತದೆ, ನಡುವಿನದು ಕೊನೆಗೆ. ಹೋದದ್ದು ಹಿಂದೆ ಬರುವುದಿಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತು. ತಂದೆಯವರು ಹೇಗೆ ಕೆಲಸ ಮಾಡುತ್ತಿದ್ದರೆಂದು ಅವರು ಕೇಳಿದರು. ದಾರದ ಮೇಲಿನ ತುದಿಯನ್ನು ನೋಡಿದರೆ ಗುಂಡು ಕಾಣುತ್ತಿರಲಿಲ್ಲ, ಗುಂಡನ್ನು ನೋಡಿದರೆ ಮೇಲಿನದು ಕಾಣುತ್ತಿರಲಿಲ್ಲ, ಎರಡನ್ನೂ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತಿದ್ದೆ ಎಂದರು ತಂದೆ. ಗುಂಡು ಕಲ್ಲಿಗೆ ಒರಗಿ ನಿಂತದ್ದೋ ಬಿಡುವಾಗಿ ನಿಂತದ್ದೋ ಅವರಿಗೆ ಬಹಳ ದಿನಗಳಿಂದ ತಿಳಿಯುತ್ತಿರಲಿಲ್ಲ. ಶಾಲೆಯ ಗೋಡೆ ಹಾಗೆ ಆದದ್ದು.

ಹನಿ ಔಷಧ ಹಾಕಿದೆವು. ಮುಂದಿನ ಬೇಸಿಗೆಯ ಹೊತ್ತಿಗೆ ನೋಟ ಪೂರ್ತಿ ಹೋಯಿತು.

ಒಂದು ಭಾನುವಾರ ಮಧ್ಯಾಹ್ನ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಗುಡ್ಡದ ಎಳೆತ ಕೂದಲೆಳೆಯಷ್ಟೂ ಇಲ್ಲವೆಂದು, ದಿಕ್ಕು ತಪ್ಪೆಂದು, ಗುಂಡಿನ ಭಾರದ ಮಾತು ಸುಳ್ಳೆಂದು, ಆಡುವಾಗಲೇ ಅದು ನನಗೆ ಗೊತ್ತಿತ್ತೆಂದು. ಅವರು ಗೋಡೆಗೆ ಒರಗಿ ಕುಳಿತಿದ್ದರು.

"ಹಾಗಾದ್ರೆ ಎಳೆಯುದು ಯಾಕೆ ಅಂತಲೂ ನಿನಗೆ ಗೊತ್ತಿಲ್ಲ," ಎಂದರು ಕೊನೆಗೆ.

"ಇಲ್ಲ," ಎಂದೆ. ಆ ವರ್ಷ ಒಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಎಳೆಯುವ ಶಕ್ತಿ ಎಂಬುದೇ ಇಲ್ಲ, ದ್ರವ್ಯರಾಶಿ ಇದ್ದಲ್ಲಿ ಅದರ ಸುತ್ತಲಿನ ಜಾಗವೂ ಕಾಲವೂ ಬಾಗುತ್ತವೆ, ಗುಂಡು ತನ್ನ ಪಾಲಿನ ನೇರ ದಾರಿಯಲ್ಲಿಯೇ ಹೋಗಲು ನೋಡುತ್ತದೆ, ನಮಗೆ ಅದು ಬೀಳುವಂತೆ ಕಾಣುತ್ತದೆ ಎಂದು ಈಗ ತಿಳಿದವರು ಹೇಳುತ್ತಾರೆ. ದ್ರವ್ಯರಾಶಿ ಹಾಗೆ ಬಾಗಿಸುವುದು ಏಕೆಂದು ಅವರೂ ಹೇಳುವುದಿಲ್ಲ. ನನಗೆ ಪೂರ್ತಿ ಅರ್ಥವಾಗಿಲ್ಲ ಎಂದೂ ಸೇರಿಸಿದೆ.

"ಅರ್ಥ ಆಗದ್ದನ್ನು ಆಗ್ಲಿಲ್ಲ ಅಂತ ಹೇಳಿದ್ದು ಇದೇ ಮೊದಲು," ಎಂದರು. ಅದು ಬೈಗುಳವೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ, "ಬಡಗಿಗೆ ಹೇಳಿದ್ದೀಯಾ?" ಎಂದು ಕೇಳಿದರು.

"ಇಲ್ಲ."

"ಅವನ ಬಾಯಿ ಮುಚ್ಚಿಸಿದ್ದು ನೀನು, ಅಷ್ಟು ಜನರ ಎದುರು. ಹೋಗಿ ಹೇಳು."

ಮುಂದಿನ ರಜೆಯ ದಿನ ಕಡಬಕ್ಕೆ ಹೋದೆ. ಬಡಗಿ ಮನೆಯ ಅಂಗಳದಲ್ಲಿ ಒಂದು ಬಾಗಿಲಿಗೆ ಹತ್ತರಿ ಉಜ್ಜಿ ನಯ ಮಾಡುತ್ತಿದ್ದ.

"ಬನ್ನಿ ಮಾಷ್ಟ್ರೆ, ಕೂತ್ಕೊಳ್ಳಿ. ಅಪ್ಪ ಹೇಗಿದ್ದಾರೆ?"

"ಕಣ್ಣು ಹೋಯಿತು."

ಅವನ ಕೈ ನಿಂತಿತು. "ಎರಡೂ?"

"ಎರಡೂ."

ನಾನು ಬಂದ ಕಾರಣವನ್ನು ಹೇಳಿದೆ. ಅಂದು ನಿಮ್ಮ ಪ್ರಶ್ನೆಯೇ ಸರಿಯಾಗಿತ್ತು, ನನ್ನ ಉತ್ತರ ತಪ್ಪು, ಗುಂಡಿನ ಭಾರಕ್ಕೂ ದಾರದ ಗೆರೆಗೂ ಸಂಬಂಧವಿಲ್ಲ ಎಂದೆ. ಈ ವಾಕ್ಯವನ್ನು ಬಸ್ಸಿನಲ್ಲಿ ಹಲವು ಸಲ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ.

"ಅದು ನನಗೆ ಆವತ್ತೇ ಗೊತ್ತಾಯ್ತು ಮಾರಾಯ್ರೆ," ಎಂದ ಅವನು, ಸಿಟ್ಟಿಲ್ಲದೆ. "ಮನೆಗೆ ಬಂದು ಮೂರು ಕಟ್ಟಿ ನೋಡಿದೆ. ಒಂದು ಕಬ್ಬಿಣದ್ದು, ಒಂದು ಹಿತ್ತಾಳೆದು, ಮತ್ತೊಂದು ನಮ್ಮ ಪೆಟ್ಟಿಗೆಯ ಬೀಗದ ಕೈ. ಮೂರೂ ಒಂದೇ ಗೆರೆಯಲ್ಲಿ ನಿಂತವು."

ಪದವಿ ಪಡೆದ ನಾನು ಆ ಮೂರು ದಾರಗಳನ್ನು ಕಟ್ಟಿ ನೋಡಿರಲಿಲ್ಲ. ಹಾಗಾದರೆ ಮತ್ತೆ ಬಂದು ಹೇಳಲಿಲ್ಲವೇಕೆ ಎಂದು ಕೇಳಿದೆ.

ಅವನು ಹತ್ತರಿಯ ಬಾಯಿಂದ ಮರದ ಸಿಪ್ಪೆಯನ್ನು ತೆಗೆದು ಕೆಳಗೆ ಹಾಕಿದ. "ಮೇಸ್ತ್ರಿಗಳಿಗೆ ಬದಿ ಕಾಣುದಿಲ್ಲ ಅಂತ ನನಗೆ ಸಂಶಯ ಇತ್ತು. ನಾನು ಪಕ್ಕದಲ್ಲಿ ನಿಂತು ಎಲೆಯಡಿಕೆ ನೀಡಿದ್ರೆ ತೆಗೊಳ್ತಾ ಇರಲಿಲ್ಲ. ಆವತ್ತು ಎಲ್ಲರೂ ಹೋದ ಮೇಲೆ ಅವರನ್ನು ಕರೆದು, ಕಣ್ಣು ಒಮ್ಮೆ ತೋರಿಸಿ ಮಾರಾಯ್ರೆ ಅಂತ ಹೇಳುವಾ ಅಂತ ಇದ್ದೆ. ಅಷ್ಟರಲ್ಲಿ ನೀವು ಪುಸ್ತಕದ ಮಾತು ಹೇಳಿದ್ರಿ. ಅವರ ಮುಖ ನೋಡಿದೆ. ಮಗ ಹಾಗೆ ನಿಂತು ಹೇಳುವಾಗ ಅದರ ಮೇಲೆ ನಾನು ಎಂತ ಹೇಳುದು?"

ನಾನು ಎದ್ದೆ. ಅವನ ಮನೆಯವರು ತಂದಿಟ್ಟ ಮಜ್ಜಿಗೆಯನ್ನು ಕುಡಿದು ಬಸ್ಸಿಗೆ ನಡೆದೆ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಹೇಳಿ ಮುಗಿಸುತ್ತೇನೆ. ತಂದೆಯವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ನನ್ನ ತಮ್ಮ ಹತ್ತನೆಯ ತರಗತಿಗೆ ಸೇರುವುದನ್ನು ಬಿಟ್ಟು ಮಂಡೆಕೋಲಿನ ಹತ್ತಿರ ಮುರಕಲ್ಲು ಕಡಿಯುವ ಕೋರೆಗೆ ಕೆಲಸಕ್ಕೆ ಹೋದ. ನಾನು ಬೇಡವೆಂದೆ, ಆದರೆ ಒತ್ತಾಯಿಸಿ ಹೇಳಲಿಲ್ಲ. ತಾಯಿ ಬೀಡಿ ಕಟ್ಟಲು ಕಲಿತರು. ಕೆಲವು ತಿಂಗಳ ಅನಂತರ ಸುಳ್ಯದ ಮನೆ ಬಿಟ್ಟು ತಂದೆತಾಯಿಯೂ ತಂಗಿಯೂ ಪುತ್ತೂರಿನಲ್ಲಿ ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ತಂದೆಯವರು ಬೀಡಿಗಳನ್ನು ಕೈಯಿಂದ ಮುಟ್ಟಿ ಎಣಿಸಿ ಕಟ್ಟು ಕಟ್ಟುತ್ತಿದ್ದರು. ತಂಗಿಯ ಓದು ಮುಂದುವರಿಯಿತು. ಶಾಲೆಯ ಆ ಗೋಡೆಯನ್ನು ಬೇರೆ ಮೇಸ್ತ್ರಿಯೊಬ್ಬರು ಬಿಚ್ಚಿ ಮತ್ತೆ ಕಟ್ಟಿದರು ಎಂದು ಕೇಳಿದೆ. ತಮ್ಮ ಕೋರೆಯಲ್ಲೇ ಉಳಿದ. ನಮ್ಮ ಮನೆಯಲ್ಲಿ ನನ್ನ ಅನಂತರ ಪದವಿ ಪಡೆದವರು ಅವನ ಮಕ್ಕಳು.